ಸಭಾಮೀಮಾಂಸೆ: ಕೇಣಿ ಕಡಲತೀರದ ಪ್ರಮಾಣಗಳಿಂದ ಒಂದು ಸಿದ್ಧಾಂತ

ಶಾಸ್ತ್ರಗ್ರಂಥವೆಂದ ಮೇಲೆ ಅನುಬಂಧ ಚತುಷ್ಟಯ ಹೇಳದೆ ಮುಂದೆ ಹೋಗುವಂತಿಲ್ಲ. ಈ ಗ್ರಂಥದ ವಿಷಯ, ಸಭೆ. ಪ್ರಯೋಜನ, ಸಭೆ ಬೇಗ ಮುಗಿಯುವುದು. ಇದನ್ನು ಓದಲು ಅರ್ಹರು, ಬೇರೆಯವರನ್ನು ಸಭೆಗೆ ಕರೆಯುವ ಹಕ್ಕು ಪಡೆದ ಸಮಸ್ತರು: ವಿಭಾಗ ಮುಖ್ಯಸ್ಥರು, ಮುಖ್ಯೋಪಾಧ್ಯಾಯರು, ಸೊಸೈಟಿ ಅಧ್ಯಕ್ಷರು, ಟೀಮ್ ಲೀಡರುಗಳು, ತಹಶೀಲ್ದಾರರು. ಗ್ರಂಥಕ್ಕೂ ಇವರಿಗೂ ಇರುವ ಸಂಬಂಧ ಇಷ್ಟೇ: ಇದರ ಪ್ರತಿಯನ್ನು ಅವರ ಮೇಜಿನ ಮೇಲೆ ಇಟ್ಟವರು ಯಾರೆಂದು ಅವರಿಗೆ ಗೊತ್ತಾಗಬಾರದು. ಇನ್ನು ಮಂಗಳಾಚರಣೆ. ಕನ್ನಡದಲ್ಲಿ ಸಭೆಯ ಬಗ್ಗೆ ಬರೆಯುವವರೂ ಮಾತಾಡುವವರೂ ಮೊದಲಿಗೆ ಅನುಭವ ಮಂಟಪವನ್ನು ನೆನೆಯುವುದು ಸಂಪ್ರದಾಯ. ನೆನೆದದ್ದಾಯಿತು. ಹೀಗೆ ನೆನೆದು ಶುರುವಾದ ಸಭೆಗಳು ಆಮೇಲೆ ಹೇಗೆ ನಡೆಯುತ್ತವೆಂಬುದು ಓದುಗರಿಗೆ ತಿಳಿದೇ ಇರುವುದರಿಂದ ನೇರವಾಗಿ ಪೂರ್ವಪಕ್ಷಕ್ಕೆ ಬರೋಣ.

ಪೂರ್ವಪಕ್ಷಿಗಳು ಸುಗಮಕಾರರು, ಅಂದರೆ ಸಭೆ ನಡೆಸುವುದನ್ನು ಕಲಿಸುವ ಫೆಸಿಲಿಟೇಟರುಗಳು. ಸಭೆ ಸಪ್ಪೆಯಾಗಲು ಅದನ್ನು ನಡೆಸುವವರಿಗೆ ಕೌಶಲವಿಲ್ಲದಿರುವುದೇ ಕಾರಣ, ಕೌಶಲವನ್ನು ಎರಡು ದಿನದ ತರಬೇತಿಯಲ್ಲಿ ಕಲಿಸಬಹುದು ಎಂಬುದು ಅವರ ಮತ. ಕುರ್ಚಿಗಳನ್ನು ಸಾಲಿನಲ್ಲಿ ಇಡದೆ ದುಂಡಗೆ ಇಡಬೇಕು. ಮೊದಲ ಹತ್ತು ನಿಮಿಷ ಯಾವುದಾದರೂ ಆಟ ಆಡಿಸಿ ಸಂಕೋಚ ಬಿಡಿಸಬೇಕು. ಬಣ್ಣದ ಚೀಟಿ ಹಂಚಿ, ಎಲ್ಲರೂ ತಮ್ಮ ವಿಚಾರ ಬರೆದು ಗೋಡೆಗೆ ಅಂಟಿಸುವಂತೆ ಮಾಡಬೇಕು. ಯಾರಾದರೂ ಇಕ್ಕಟ್ಟಿನ ಪ್ರಶ್ನೆ ಕೇಳಿದರೆ ಬೈಯಬಾರದು. ‘ಬಹಳ ಒಳ್ಳೆಯ ಪ್ರಶ್ನೆ’ ಎಂದು ಮೆಚ್ಚಿ, ಪಾರ್ಕಿಂಗ್ ಲಾಟ್ ಎಂಬ ಹೆಸರಿನ ಹಾಳೆಯಲ್ಲಿ ಬರೆದು ಪಕ್ಕಕ್ಕಿಡಬೇಕು. ಈ ಲಾಟಿನಿಂದ ವಾಹನ ಹೊರಬಂದದ್ದನ್ನು ಕಂಡವರಿಲ್ಲವೆಂಬುದು ಬೇರೆ ಮಾತು. ಈ ಮತಕ್ಕೆ ಆಚಾರ್ಯರ ಬೆಂಬಲವೂ ಉಂಟು. ಹತ್ತು ಜನ ಒಟ್ಟಿಗೆ ಕೂತು ಟೀಕೆಯಿಲ್ಲದೆ ಯೋಚಿಸಿದರೆ ವಿಚಾರಗಳು ಮಳೆಗರೆಯುತ್ತವೆಂದು ಅಮೆರಿಕದ ಜಾಹೀರಾತು ತಜ್ಞ ಅಲೆಕ್ಸ್ ಆಸ್‌ಬರ್ನ್ 1953ರ ಪುಸ್ತಕದಲ್ಲಿ ಸಾರಿದರು. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷಿಸಿ ನೋಡಿದಾಗ, ಒಟ್ಟಿಗೆ ಕೂತವರಿಗಿಂತ ಅಷ್ಟೇ ಸಂಖ್ಯೆಯ ಜನ ಒಬ್ಬೊಬ್ಬರೇ ಕೂತು ಯೋಚಿಸಿದಾಗ ಹೆಚ್ಚು ವಿಚಾರ ಹೊಳೆದದ್ದು ಕಂಡುಬಂತು. ಆ ಫಲಿತಾಂಶವೂ ಬಹುಶಃ ಪಾರ್ಕಿಂಗ್ ಲಾಟಿನಲ್ಲೇ ಇದೆ.

ನಮ್ಮ ಸಿದ್ಧಾಂತ ಬೇರೆ. ಸಭೆಯ ಚುರುಕುತನಕ್ಕೆ ಅದನ್ನು ನಡೆಸುವವರ ಕೌಶಲ ಕಾರಣವಲ್ಲ. ತೀರ್ಮಾನ ಇನ್ನೂ ಹಸಿಯಾಗಿರುವುದೇ ಕಾರಣ. ತಾವು ಬಾಯಿಬಿಟ್ಟರೆ ಏನಾದರೂ ಬದಲಾದೀತು ಎಂದು ಗೊತ್ತಿರುವವರು ಕುರ್ಚಿ ಹೇಗಿಟ್ಟರೂ ಮಾತಾಡುತ್ತಾರೆ. ಏನೂ ಬದಲಾಗದೆಂದು ಗೊತ್ತಿರುವವರು ದುಂಡಗೆ ಕೂತೂ ಆಕಳಿಸುತ್ತಾರೆ. ತೀರ್ಮಾನ ಎಷ್ಟು ಒಣಗಿದೆಯೋ ಸುಗಮಕಾರರ ಅಗತ್ಯ ಅಷ್ಟು ಹೆಚ್ಚು ಎಂಬುದು ಇದರಿಂದ ಹುಟ್ಟುವ ಉಪಸಿದ್ಧಾಂತ. ಒಣಮೀನಿಗೆ ಎಷ್ಟು ನೀರು ಚಿಮುಕಿಸಿದರೂ ಅದು ಈಜುವುದಿಲ್ಲ. ಇದನ್ನು ಸಾಧಿಸಲು ಹೊರದೇಶದ ಪ್ರಯೋಗಶಾಲೆ ಬೇಕಿಲ್ಲ. ಅಂಕೋಲೆ ಪೇಟೆಯ ಮಗ್ಗುಲಲ್ಲೇ ಇರುವ ಮೀನುಗಾರರ ಊರು ಕೇಣಿ ಸಾಕು. ಅತ್ಯಂತ ಶಾಸ್ತ್ರೋಕ್ತವಾದ ಸಭೆ ಮತ್ತು ಅತ್ಯಂತ ಅಶಾಸ್ತ್ರೀಯವಾದ ಸಭೆ ಎರಡನ್ನೂ ನೋಡಿರುವ ತೀರ ಅದು.

ಮೊದಲು ಶಾಸ್ತ್ರೋಕ್ತ ಸಭೆ. ಕೇಣಿಯಲ್ಲಿ ಆಳಸಮುದ್ರದ ಸರ್ವಋತು ಬಂದರು ಕಟ್ಟಲು 2023ರ ನವೆಂಬರಿನಲ್ಲಿ ಕರ್ನಾಟಕ ಜಲಸಾರಿಗೆ ಮಂಡಳಿಯು ಜೆಎಸ್‌ಡಬ್ಲ್ಯೂ ಇನ್‌ಫ್ರಾಸ್ಟ್ರಕ್ಚರ್ ಕಂಪನಿಗೆ ಒಪ್ಪಿಗೆ ಪತ್ರ ನೀಡಿತು. ಅಂದಾಜು ವೆಚ್ಚ 4,119 ಕೋಟಿ ರೂಪಾಯಿ. ಆರಂಭದ ಸಾಮರ್ಥ್ಯ ವರ್ಷಕ್ಕೆ 3 ಕೋಟಿ ಟನ್. 2025ರ ಫೆಬ್ರವರಿಯಲ್ಲಿ ಸಮೀಕ್ಷೆಗೆ ವಿರೋಧ ಎದ್ದು, ಊರಲ್ಲಿ ಜನ ಗುಂಪುಗೂಡದಂತೆ ನಿಷೇಧಾಜ್ಞೆ ಜಾರಿಯಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಅಂಕೋಲೆಯಲ್ಲಿ ಪರಿಸರ ಸಾರ್ವಜನಿಕ ಅಹವಾಲು ಸಭೆ ನಡೆಯಿತು. ಅಲ್ಲಿಗೆ ಜನ ಗುಂಪಾಗಿಯೇ ಬರಬೇಕಿತ್ತು. ಈ ಕ್ರಮವನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡಬೇಕು: ಮೊದಲು ಒಪ್ಪಿಗೆ ಪತ್ರ, ಆಮೇಲೆ ಸೇರಬೇಡಿರೆಂಬ ಆಜ್ಞೆ, ಕೊನೆಗೆ ಸೇರಿರೆಂಬ ಆಹ್ವಾನ. ಪರಿಸರ ಅನುಮತಿ ಸಿಗುವ ತನಕ ಕಾಮಗಾರಿ ಶುರುಮಾಡುವಂತಿಲ್ಲ, ಆದ್ದರಿಂದ ಒಪ್ಪಿಗೆ ಪತ್ರವೇ ಅಂತಿಮವಲ್ಲ ಎಂದು ಕಾನೂನು ಬಲ್ಲವರು ಹೇಳುತ್ತಾರೆ. ಮಾತು ನಿಜ. ಆದರೆ ತೀರ್ಮಾನ ಹಸಿಯೋ ಒಣಗಿದ್ದೋ ಎಂಬುದನ್ನು ಜನ ಕಾನೂನು ಓದಿ ತಿಳಿಯುವುದಿಲ್ಲ, ತಾರೀಖು ನೋಡಿ ತಿಳಿಯುತ್ತಾರೆ.

ಈ ಅಹವಾಲು ಸಭೆಗೆ ಸೂತ್ರಗ್ರಂಥವೂ ಇದೆ: ಕೇಂದ್ರ ಸರ್ಕಾರದ 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆ. ಸಭೆ ನಡೆಸುವುದು ಹೇಗೆಂದು ಇಷ್ಟು ಅಚ್ಚುಕಟ್ಟಾಗಿ ಬರೆದ ಪಠ್ಯ ಅಪರೂಪ. ಕನಿಷ್ಠ 30 ದಿನ ಮುಂಚೆ ಪ್ರಕಟಣೆ ಹೊರಡಬೇಕು. ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಅಧ್ಯಕ್ಷತೆ ವಹಿಸಬೇಕು. ಇಡೀ ಕಲಾಪದ ವಿಡಿಯೊ ಚಿತ್ರೀಕರಣವಾಗಬೇಕು. ಬಂದವರ ಹಾಜರಿ ಬರೆದುಕೊಳ್ಳಬೇಕು. ಮೊದಲ ಮಾತು ಯೋಜನೆಯವರದು. ಅದಾದ ಮೇಲೆ ಹಾಜರಿದ್ದ ಪ್ರತಿಯೊಬ್ಬರಿಗೂ ವಿವರಣೆ ಕೇಳುವ ಅವಕಾಶ. ಕೊನೆಯಲ್ಲಿ ನಡವಳಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿ ವಿವರಿಸಿ ಓದಿ, ಅಂದೇ ಸಹಿ ಹಾಕಬೇಕು. ಸುಗಮಕಾರರು ಕನಸಿನಲ್ಲಿ ಕಾಣುವುದೆಲ್ಲ ಇದರಲ್ಲಿದೆ. ಮುಕುಟಮಣಿಯಂಥ ಸೂತ್ರ ಇನ್ನೊಂದು: ಸಭೆ ಆರಂಭಿಸಲು ಕೋರಂ ಬೇಕಿಲ್ಲ. ಹಳ್ಳಿಯ ಗ್ರಾಮಸಭೆ ಕೋರಂ ಇಲ್ಲವೆಂದು ಮುಂದೂಡಲ್ಪಡುತ್ತದೆ. ಕೋಟಿಗಟ್ಟಲೆ ಟನ್ನಿನ ಬಂದರಿನ ಸಭೆಗೆ ಅಂಥ ತಾಪತ್ರಯವಿಲ್ಲ. ಇನ್ನು ವೇದಿಕೆಯ ಮೇಲೆ ಕೂತವರು ತೀರ್ಮಾನಿಸುವವರಲ್ಲ. ವರ್ಷಕ್ಕೆ 50 ಲಕ್ಷ ಟನ್ನಿಗೂ ಅದಕ್ಕಿಂತ ಹೆಚ್ಚಿಗೂ ಸಾಮರ್ಥ್ಯವುಳ್ಳ ಬಂದರುಗಳ ಕಡತ ತೂಗುವುದು ದೆಹಲಿಯ ತಜ್ಞರ ಸಮಿತಿ. ಹೇಳುವವರು ಅಂಕೋಲೆಯಲ್ಲಿ, ಬರೆದುಕೊಳ್ಳುವವರು ಜಿಲ್ಲಾ ಕೇಂದ್ರ ಕಾರವಾರದಿಂದ, ನಿರ್ಧರಿಸುವವರು ದೆಹಲಿಯಲ್ಲಿ. ಇಷ್ಟಿದ್ದೂ ಆಗಸ್ಟಿನ ಆ ಸಭೆಗೆ ಜನ ಕಿಕ್ಕಿರಿದು ಬಂದು ಬೇಡವೆಂದು ದಾಖಲಿಸಿದರು. ಅವರಿಗೆ ಆಟ ಆಡಿಸಿ ಸಂಕೋಚ ಬಿಡಿಸಬೇಕಾಗಲಿಲ್ಲ, ಬಣ್ಣದ ಚೀಟಿ ಹಂಚಬೇಕಾಗಲಿಲ್ಲ. ದಡ ಅವರದಾಗಿತ್ತು, ಅಷ್ಟೇ ಸಾಕಾಯಿತು. ಅದು ಚುರುಕಾದದ್ದು ಸೂತ್ರಗ್ರಂಥದ ಬಲದಿಂದಲ್ಲ, ತೀರ್ಮಾನವನ್ನು ಮತ್ತೆ ಹಸಿಮಾಡುವ ಹಟದಿಂದ.

ಕಚೇರಿಗಳಲ್ಲಿ ಇಂಥ ಹಟಕ್ಕೆ ಜಾಗವಿಲ್ಲ. ಅಲ್ಲಿ ಅನುಪಲಬ್ಧಿ ಪ್ರಮಾಣದ ಆಳ್ವಿಕೆ. ಮೀಮಾಂಸಕರ ಪ್ರಕಾರ ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲವೆಂದು ತಿಳಿಯುವುದು ಅನುಪಲಬ್ಧಿಯಿಂದ. ಕಚೇರಿಯ ಮೀಮಾಂಸಕರು ಇದನ್ನು ಇನ್ನೊಂದು ಹೆಜ್ಜೆ ಮುಂದೊಯ್ದಿದ್ದಾರೆ: ಆಕ್ಷೇಪ ಕೇಳಿಸದಿದ್ದರೆ ಒಪ್ಪಿಗೆ ಇದೆ. ಪ್ರಗತಿ ಪರಿಶೀಲನಾ ಸಭೆಯನ್ನು ಹತ್ತಿರದಿಂದ ನೋಡಿ. ಹನ್ನೊಂದಕ್ಕೆ ಕರೆದ ಸಭೆ ಹನ್ನೆರಡಕ್ಕೆ ಕೂಡುತ್ತದೆ. ಕಳೆದ ಸಭೆಯ ನಡವಳಿಯನ್ನು ಓದಿದಂತೆ ಮಾಡಿ ದೃಢೀಕರಿಸಲಾಗುತ್ತದೆ. ಅನುಪಾಲನಾ ವರದಿಯ ಕೊನೆಯ ಅಂಕಣದಲ್ಲಿ ‘ಕ್ರಮ ವಹಿಸಲಾಗುತ್ತಿದೆ’ ಎಂಬ ಮಾತು ಮೇಲಿನಿಂದ ಕೆಳಗಿನವರೆಗೆ ಇಳಿದಿರುತ್ತದೆ. ಚಹಾದ ಜೊತೆ ಬಿಸ್ಕತ್ತಿನ ತಟ್ಟೆ ಬಂದಾಗ ಸದಸ್ಯರು ತೋರುವ ಲವಲವಿಕೆಯೇ ಆ ದಿನದ ಸಕ್ರಿಯ ಪಾಲ್ಗೊಳ್ಳುವಿಕೆ. ಅಧ್ಯಕ್ಷರು ‘ಯಾರಿಗಾದರೂ ಏನಾದರೂ ಹೇಳುವುದಿದೆಯೇ’ ಎಂದು ಕೇಳುತ್ತಲೇ ಕಡತ ಮಡಚುತ್ತಾರೆ. ಮರುದಿನ ಹೊರಡುವ ನಡವಳಿಯಲ್ಲಿ, ಸುದೀರ್ಘವಾಗಿ ಚರ್ಚಿಸಿ ಸರ್ವಾನುಮತದಿಂದ ಅನುಮೋದಿಸಲಾಯಿತು ಎಂದಿರುತ್ತದೆ. ಇದು ಸರ್ಕಾರಿ ಕಚೇರಿಯ ರೋಗವೆಂದು ಬೆಂಗಳೂರಿನ ಗಾಜಿನ ಕಟ್ಟಡದವರು ನಗಬೇಕಾಗಿಲ್ಲ. ಅಲ್ಲಿ ಬಿಸ್ಕತ್ತಿನ ಬದಲು ಸ್ಯಾಂಡ್‌ವಿಚ್, ನಡವಳಿಯ ಬದಲು ಇ-ಮೇಲ್. ಅನುಪಲಬ್ಧಿ ಮಾತ್ರ ಅದೇ.

ಇನ್ನು ಅಶಾಸ್ತ್ರೀಯ ಸಭೆ. ಅಂಕೋಲೆ, ಕಾರವಾರದ ಕಡಲತೀರದಲ್ಲಿ ರಂಪಣಿ ಎಳೆಯುವುದನ್ನು ಕಂಡವರಿಗೆ ವಿವರಣೆ ಬೇಕಿಲ್ಲ. ಹಗ್ಗದ ಒಂದು ತುದಿ ದಡದವರ ಕೈಯಲ್ಲಿ ಉಳಿಯುತ್ತದೆ. ದೋಣಿ ಬಲೆ ಬಿಡುತ್ತ ಕಡಲೊಳಗೆ ಹೋಗಿ, ಬಂಗಡೆ ಅಥವಾ ತಾರ್ಲೆಯ ಹಿಂಡನ್ನು ಬಳಸಿ, ಇನ್ನೊಂದು ತುದಿಯನ್ನು ದೂರದಲ್ಲಿ ದಡಕ್ಕೆ ತರುತ್ತದೆ. ಎರಡೂ ಕಡೆ ಜನ ಸಾಲಾಗಿ ನಿಂತು, ಹಿಮ್ಮಡಿಯನ್ನು ಮರಳಲ್ಲಿ ಊರಿ, ಹಿಂದಕ್ಕೆ ವಾಲಿ ಎಳೆಯುತ್ತಾರೆ; ಎಳೆಯುತ್ತ ಎಳೆಯುತ್ತ ಎರಡು ಸಾಲುಗಳೂ ಹತ್ತಿರ ಬರುತ್ತವೆ. ಒಂದು ಬದಿ ಅವಸರಪಟ್ಟರೆ ಬಲೆ ವಾರೆಯಾಗಿ ಮೀನು ತಪ್ಪಿಸಿಕೊಳ್ಳುತ್ತದೆ. ಆದ್ದರಿಂದ ಒಬ್ಬರ ಕೂಗಿಗೆ ಉಳಿದವರು ಕಿವಿಗೊಡುತ್ತಾರೆ. ಈ ಹತ್ತಾರು ಜನರಲ್ಲಿ ಯಾರೂ ಸಹಭಾಗಿತ್ವದ ತರಬೇತಿ ಪಡೆದವರಲ್ಲ. ಅವರನ್ನು ಒಂದೇ ಲಯಕ್ಕೆ ತರುವುದು ಎರಡೇ ಸಂಗತಿ: ಬಲೆಯೊಳಗೆ ಏನಿದೆಯೆಂದು ಇನ್ನೂ ಯಾರಿಗೂ ಗೊತ್ತಿಲ್ಲ, ಏನಿದ್ದರೂ ಅದರಲ್ಲಿ ಹಗ್ಗ ಹಿಡಿದವರಿಗೆ ಪಾಲಿದೆ. ಇದೇ ತಾಲೂಕಿನ ಹಾಲಕ್ಕಿ ಒಕ್ಕಲಿಗರ ಕೊಪ್ಪಗಳಲ್ಲೂ ಸಭೆಗೆ ಇಂಥದೇ ಏರ್ಪಾಡು: ಹಿರಿತನಕ್ಕೆ ಗೌಡ, ಸಲಹೆಗೆ ಬುಧವಂತ, ಮನೆಮನೆಗೆ ಹೋಗಿ ಜನರನ್ನು ಕರೆಯಲು ಕೋಲಕಾರ. ಕರೆಯುವ ಕೆಲಸಕ್ಕೇ ಒಬ್ಬನನ್ನು ನೇಮಿಸಿದವರಿಗೆ, ಜನ ಬಾರದೆ ಸಭೆ ಇಲ್ಲವೆಂಬ ಅರಿವಿತ್ತು. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಂಕೋಲೆಯ ಜನ ಸೇರಿ ಉಪ್ಪಿನ ಸತ್ಯಾಗ್ರಹದಲ್ಲಿ ಉಪ್ಪು ತಯಾರಿಸಿದಾಗಲೂ ಹಾಗೆಯೇ. ಅಲ್ಲಿ ಸೇರಿದವರು ಕೇಳುಗರಾಗಿರಲಿಲ್ಲ.

ಆಕ್ಷೇಪಗಳಿಗೆ ಬರೋಣ. ಮೊದಲನೆಯದು: ರಂಪಣಿಯನ್ನು ಹೀಗೆ ಹೊಗಳುವುದು ಸರಿಯಲ್ಲ; ಅಲ್ಲಿ ಬಲೆಯ ಒಡೆಯನಿಗೆ ಹೆಚ್ಚು, ಎಳೆದವನಿಗೆ ಕಡಿಮೆ; ಮೀನು ಹೊತ್ತು ಮಾರುವ ಹೆಂಗಸರು ಹಗ್ಗದ ಲೆಕ್ಕದಲ್ಲೇ ಇರಲಿಲ್ಲ; ಸಾಲದ್ದಕ್ಕೆ 1970ರ ದಶಕದಲ್ಲಿ, ಕಡಲಲ್ಲೇ ಬಲೆ ಸುತ್ತಿ ಮೀನು ಹಿಡಿಯುವ ಪರ್ಸೀನ್ ಬೋಟುಗಳು ಬಂದ ಮೇಲೆ ಅದು ಬಹುಮಟ್ಟಿಗೆ ಮೂಲೆಗೆ ಸೇರಿತು. ಒಪ್ಪಿದೆವು. ಪಾಲು ಸಮವಾಗಿರಲಿಲ್ಲ, ಆದರೆ ಎಷ್ಟೆಂಬುದು ಹಗ್ಗ ಹಿಡಿಯುವ ಮೊದಲೇ ಗೊತ್ತಿತ್ತು. ಪರ್ಸೀನ್ ಗೆದ್ದದ್ದು ಇನ್ನೂ ಉತ್ತಮ ಸಭೆ ನಡೆಸಿ ಅಲ್ಲ; ದಡದ ಸಭೆಯೇ ಬೇಡವಾಗುವಂತೆ ಮಾಡಿ. ತೀರ್ಮಾನ ಬೇಗ ಬೇಕೆನ್ನುವ ಮುಖ್ಯಸ್ಥರು ಮಾಡುವುದೂ ಅದನ್ನೇ. ವ್ಯತ್ಯಾಸವಿಷ್ಟೇ: ಪರ್ಸೀನಿನವರು ಮೀನು ಹಿಡಿದಾದ ಮೇಲೆ ದಡದವರನ್ನು ಕರೆದು, ಬಲೆ ಎಲ್ಲಿ ಬೀಸೋಣವೆಂದು ಚೀಟಿಯಲ್ಲಿ ಬರೆಯಲು ಹೇಳಲಿಲ್ಲ.

ಎರಡನೆಯದು ಸುಗಮಕಾರರ ಆಕ್ಷೇಪ: ತೀರ್ಮಾನ ಹಸಿಯಿದ್ದರೂ ದೊಡ್ಡ ಗಂಟಲಿನವರೇ ಮಾತಾಡಿ, ಹೊಸಬರೂ ಹೆಂಗಸರೂ ಸಂಕೋಚದವರೂ ಸುಮ್ಮನಾಗುವುದಿಲ್ಲವೇ? ಹೌದು. ಇಲ್ಲಿ ಕೌಶಲ ನಿಜಕ್ಕೂ ಬೇಕು. ಸಭೆಯ ನಿಯಮಾವಳಿಗಳ ಪಿತಾಮಹ ಹೆನ್ರಿ ಮಾರ್ಟಿನ್ ರಾಬರ್ಟ್ ಅಮೆರಿಕದ ಸೇನೆಯ ಎಂಜಿನಿಯರ್. 1863ರಲ್ಲಿ ಒಂದು ಸಭೆಯ ಅಧ್ಯಕ್ಷತೆ ವಹಿಸಿ, ಅದು ಕೈಮೀರಿದ್ದನ್ನು ಕಂಡು, 1876ರಲ್ಲಿ ತಮ್ಮ ನಿಯಮಪುಸ್ತಕ ಪ್ರಕಟಿಸಿದರು. ಮುಂದೆ ಗ್ಯಾಲ್ವೆಸ್ಟನ್ ಪಟ್ಟಣವನ್ನು 1900ರ ಚಂಡಮಾರುತ ಕೊಚ್ಚಿಹಾಕಿದಾಗ ಅಲ್ಲಿನ ಕಡಲ ತಡೆಗೋಡೆಯ ವಿನ್ಯಾಸ ಮಾಡಿದ ಸಮಿತಿಯಲ್ಲೂ ಅವರಿದ್ದರು. ಅಬ್ಬರಕ್ಕೆ ತಡೆ ಕಟ್ಟುವುದು ಅವರ ಎರಡೂ ಕೆಲಸಗಳ ತಿರುಳು. ಆದರೆ ತಡೆ ಬೇಕಾಗುವುದು ಅಲೆ ಇದ್ದಲ್ಲಿ. ಸರದಿಯಲ್ಲಿ ಮಾತು, ಕಿರಿಯರಿಗೆ ಮೊದಲ ಅವಕಾಶ, ಅಧ್ಯಕ್ಷರು ಕೊನೆಗೆ ಬಾಯಿ ತೆರೆಯುವುದು, ನಡವಳಿಯನ್ನು ಅಲ್ಲೇ ಓದಿ ಹೇಳುವುದು: ಇವೆಲ್ಲ ಒಳ್ಳೆಯ ಕ್ರಮಗಳೇ. ಇವು ಇರುವ ಪಾಲನ್ನು ಸರಿಯಾಗಿ ಹಂಚುತ್ತವೆ; ಇಲ್ಲದ ಪಾಲನ್ನು ಹುಟ್ಟಿಸುವುದಿಲ್ಲ.

ಮೂರನೆಯದು ಮುಂದಾಳುಗಳದ್ದು: ಎಲ್ಲ ತೀರ್ಮಾನವನ್ನೂ ಹಸಿಯಾಗಿಟ್ಟರೆ ಕೆಲಸ ಸಾಗುವುದು ಹೇಗೆ? ಬಜೆಟ್ ಮೇಲಿನವರು ಕೊಟ್ಟದ್ದು, ಗಡುವು ಗಿರಾಕಿಯದ್ದು, ತಾಂತ್ರಿಕ ವಿಷಯ ತಜ್ಞರದ್ದು. ಈ ಆಕ್ಷೇಪವೇ ಎಲ್ಲಕ್ಕಿಂತ ನ್ಯಾಯವಾದದ್ದು, ನಮ್ಮ ಉತ್ತರವೂ ಸರಳ: ಆಗಿಹೋದ ತೀರ್ಮಾನಕ್ಕೆ ಸಭೆ ಕರೆಯಬೇಡಿ, ಸುತ್ತೋಲೆ ಕಳಿಸಿ. ಸುತ್ತೋಲೆ ಓದಿ ಯಾರೂ ಮೋಸಹೋದೆ ಎನ್ನುವುದಿಲ್ಲ, ಬೇಸರಪಡಬಹುದು, ಗೊಣಗಬಹುದು. ಆದರೆ ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂದು ಕರೆಸಿ, ಒಪ್ಪಿಗೆ ಪತ್ರ ಮೊದಲೇ ಹೋಗಿದೆಯೆಂದು ಆಮೇಲೆ ತಿಳಿದರೆ, ಮುಂದಿನ ಸಭೆಯಲ್ಲಿ ಆ ಮನುಷ್ಯ ಬಾಯಿ ಬಿಡುವುದಿಲ್ಲ. ಅವನ ಮೌನವನ್ನು ಅನುಪಲಬ್ಧಿಯ ಪಟ್ಟಿಗೆ ಸೇರಿಸಿ, ಒಪ್ಪಿಗೆಯೆಂದು ನಡವಳಿಯಲ್ಲಿ ಬರೆದುಕೊಳ್ಳುವ ಮುಖ್ಯಸ್ಥರಿಗೆ ಮುಂದೊಂದು ದಿನ ಕಚೇರಿಯ ನಿಜಸ್ಥಿತಿ ತಿಳಿಸಲು ಯಾರೂ ಉಳಿದಿರುವುದಿಲ್ಲ.

ಆದ್ದರಿಂದ ಈ ಶಾಸ್ತ್ರದ ವಿಧಿವಾಕ್ಯ ಒಂದೇ. ಸಭಾ ಸೂಚನಾ ಪತ್ರದಲ್ಲಿ ದಿನಾಂಕ, ಸ್ಥಳ, ವಿಷಯಪಟ್ಟಿಗಳ ಕೆಳಗೆ ಇನ್ನೊಂದು ಸಾಲು ಸೇರಿಸಿ: ‘ಈ ಸಭೆಯಿಂದ ಬದಲಾಗಬಹುದಾದದ್ದು’. ಅದರ ಮುಂದೆ ಬರೆಯಲು ಏನಾದರೂ ಇದ್ದರೆ ಕುರ್ಚಿ ಹೇಗೆ ಬೇಕಾದರೂ ಇಡಿ, ಚಹಾ ತಡವಾದರೂ ಚಿಂತೆಯಿಲ್ಲ. ಬರೆಯಲು ಏನೂ ತೋಚದಿದ್ದರೆ ಸಭೆ ರದ್ದುಮಾಡಿ, ಬಿಸ್ಕತ್ತು ಹಂಚಿ, ಜನರನ್ನು ಅವರವರ ಕೆಲಸಕ್ಕೆ ಬಿಡಿ.