ಪಹಣಿ ಕ್ಲೈನರ ಹೆಸರಿನಲ್ಲಿತ್ತು

1999ರ ಗ್ರ್ಯಾಮಿ ಪ್ರಶಸ್ತಿಯಲ್ಲಿ ‘ಅತ್ಯುತ್ತಮ ರಾಕ್ ಹಾಡು’ ವಿಭಾಗಕ್ಕೆ ನಾಮನಿರ್ದೇಶನಗೊಂಡ ಹಾಡುಗಳಲ್ಲಿ ‘ಬಿಟರ್ ಸ್ವೀಟ್ ಸಿಂಫನಿ’ಯೂ ಒಂದು. ಈ ವಿಭಾಗದ ಗೌರವ ಹಾಡಿದವರಿಗೆ ಸಲ್ಲುವುದಿಲ್ಲ, ಹಾಡು ಕಟ್ಟಿದವರಿಗೆ ಸಲ್ಲುತ್ತದೆ. ಕಟ್ಟಿದವರು ಯಾರೆಂದು ನೋಡಿದರೆ ಮಿಕ್ ಜ್ಯಾಗರ್ ಮತ್ತು ಕೀತ್ ರಿಚರ್ಡ್ಸ್. ರೋಲಿಂಗ್ ಸ್ಟೋನ್ಸ್ ತಂಡದ ಈ ಇಬ್ಬರು ಹಿರಿಯರು ಆ ಹಾಡಿಗಾಗಿ ಪೆನ್ನು ಹಿಡಿದಿರಲಿಲ್ಲ, ಗಿಟಾರ್ ಮುಟ್ಟಿರಲಿಲ್ಲ, ರೆಕಾರ್ಡಿಂಗ್ ನಡೆಯುವಾಗ ಆ ಕಡೆ ತಲೆಯನ್ನೂ ಹಾಕಿರಲಿಲ್ಲ. ನಮ್ಮಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬೇಕೆಂದರೂ ಫೈಲು ಹಿಡಿದು ನಾಲ್ಕು ಮೆಟ್ಟಿಲು ಹತ್ತಬೇಕು. ಇವರಿಗೆ ಆ ಕಷ್ಟವೂ ಬರಲಿಲ್ಲ. ಕೊನೆಗೆ ಪ್ರಶಸ್ತಿ ಅಲಾನಿಸ್ ಮೋರಿಸೆಟ್‌ರ ಪಾಲಾಯಿತು. ತಾನು ಹಾಡಿದ ಹಾಡನ್ನು ತಾನೇ ಬರೆದಿದ್ದೇನೆ ಎಂಬ ಹಳೇ ಕಾಲದ ಅರ್ಹತೆ ಆಕೆಗಿತ್ತು.

ಹಾಡನ್ನು ನಿಜವಾಗಿ ಮಾಡಿದವರು ‘ದಿ ವರ್ವ್’ ಎಂಬ ತಂಡ. ಇಂಗ್ಲೆಂಡಿನ ವಿಗನ್ ಊರಿನ ಹುಡುಗರು. ಮೊದಲು ಬರೀ ‘ವರ್ವ್’ ಎಂದಿದ್ದರು. ಅದೇ ಹೆಸರಿನ ಜಾಝ್ ರೆಕಾರ್ಡ್ ಕಂಪನಿ ತಗಾದೆ ತೆಗೆದ ಮೇಲೆ 1994ರಲ್ಲಿ ಹೆಸರಿನ ಮುಂದೆ ಒಂದು ‘ದಿ’ ಅಂಟಿಸಿಕೊಂಡರು. ತಮ್ಮ ಹೆಸರೇ ತಮ್ಮದಲ್ಲ ಎಂದು ಒಮ್ಮೆ ಗೊತ್ತಾದವರು ಹಾಡಿನ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕಿತ್ತು. ಆದರೆ ಹುಷಾರಾಗಿರುವವರು ರಾಕ್ ಬ್ಯಾಂಡ್ ಕಟ್ಟುವುದಿಲ್ಲ, ಅಕೌಂಟೆಂಟ್ ಆಗುತ್ತಾರೆ. ಅಂಥ ಅಕೌಂಟೆಂಟ್ ಒಬ್ಬರೇ ಈ ಕಥೆಯ ನಾಯಕ. ಸ್ವಲ್ಪ ತಡೆಯಿರಿ, ಅವರ ಪ್ರವೇಶಕ್ಕೆ ಮೊದಲು ಜಮೀನಿನ ಚರಿತ್ರೆ ಹೇಳಬೇಕು.

ಗಾಯಕ ರಿಚರ್ಡ್ ಆ್ಯಶ್‌ಕ್ರಾಫ್ಟ್‌ಗೆ ಒಂದು ಹಳೇ ರೆಕಾರ್ಡ್ ಸಿಕ್ಕಿತ್ತು. 1966ರಲ್ಲಿ ಬಂದ ಆ ರೆಕಾರ್ಡಿನಲ್ಲಿ ‘ಆ್ಯಂಡ್ರೂ ಓಲ್ಡ್‌ಹ್ಯಾಮ್ ಆರ್ಕೆಸ್ಟ್ರಾ’ ಎಂಬ ವಾದ್ಯವೃಂದ ಸ್ಟೋನ್ಸ್ ಹಾಡುಗಳನ್ನು ಪಿಟೀಲು, ಗಂಟೆ, ತಮಟೆಗಳೊಂದಿಗೆ ನುಡಿಸಿತ್ತು. ಓಲ್ಡ್‌ಹ್ಯಾಮ್ ಸಂಗೀತಗಾರರಲ್ಲ, ಸ್ಟೋನ್ಸ್ ತಂಡದ ಮ್ಯಾನೇಜರ್. ಆರ್ಕೆಸ್ಟ್ರಾಕ್ಕೆ ತಮ್ಮ ಹೆಸರಿಟ್ಟುಕೊಂಡದ್ದು ಅವರ ಸಂಗೀತ ಸೇವೆ. ಅದರಲ್ಲಿದ್ದ ‘ದಿ ಲಾಸ್ಟ್ ಟೈಮ್’ ಹಾಡಿಗೆ ತಂತಿವಾದ್ಯಗಳ ಸ್ವರ ಬರೆದು ಕೊಟ್ಟವರು ಡೇವಿಡ್ ವಿಟಕರ್. ಹಾಡು ಜ್ಯಾಗರ್ ಮತ್ತು ರಿಚರ್ಡ್ಸ್ ಅವರದೇ, 1965ರದು. ಇಬ್ಬರೂ ಸೇರಿ ಬರೆದದ್ದೊಂದು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿದ್ದು ಅದೇ ಮೊದಲು. ಆದರೆ ಸ್ಟೋನ್ಸ್ ಹಾಡಿದ್ದನ್ನು ಹಾಕಿಕೊಂಡು ಕಿವಿ ನಿಮಿರಿಸಿ ಕೇಳಿ, ‘ಬಿಟರ್ ಸ್ವೀಟ್ ಸಿಂಫನಿ’ಯ ಆ ಪ್ರಸಿದ್ಧ ಪಿಟೀಲಿನ ಸುತ್ತು ಅಲ್ಲಿ ಸಿಗುವುದಿಲ್ಲ. ಅದು ವಿಟಕರ್ ಬರೆದ ಮೇಲೆ ಹುಟ್ಟಿದ್ದು.

ಇನ್ನೂ ಮೇಲಕ್ಕೆ ಹೋದರೆ, ‘ದಿ ಲಾಸ್ಟ್ ಟೈಮ್’ ಕೂಡ ಗಾಳಿಯಿಂದ ಬಿದ್ದದ್ದಲ್ಲ. ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ ಹಾಡುತ್ತಿದ್ದ ಒಂದು ಭಕ್ತಿಗೀತೆಯನ್ನು ‘ಸ್ಟೇಪಲ್ ಸಿಂಗರ್ಸ್’ ಎಂಬ ಕುಟುಂಬ 1950ರ ದಶಕದಲ್ಲೇ ರೆಕಾರ್ಡ್ ಮಾಡಿತ್ತು. ಅದನ್ನು ಇಟ್ಟುಕೊಂಡೇ ತಾವು ಹಾಡು ಕಟ್ಟಿದ್ದೆಂದು ರಿಚರ್ಡ್ಸ್ ಮುಂದೆ ಹೇಳಿಕೊಂಡರು. ಅಲ್ಲಿ ನೋಟಿಸ್ ಕೊಡುವವರಿರಲಿಲ್ಲ. ಮೂಲದವರು ದೇವರಿಗಾಗಿ ಹಾಡಿದವರು, ದೇವರಂತೂ ಯಾವ ಪಬ್ಲಿಷಿಂಗ್ ಕಂಪನಿಯಲ್ಲೂ ಹೆಸರು ನೋಂದಾಯಿಸಿದವನಲ್ಲ.

ವರ್ವ್ ಹುಡುಗರು ಆ ಹಳೇ ರೆಕಾರ್ಡಿನ ಒಂದು ತುಣುಕನ್ನು ಸುತ್ತು ಹಾಕಿ, ಅದರ ಮೇಲೆ ತಮ್ಮ ಡ್ರಮ್, ಗಿಟಾರ್, ವಿಲ್ ಮಲೋನ್ ಬರೆದ ಹೊಸ ತಂತಿವಾದ್ಯಗಳು, ಆ್ಯಶ್‌ಕ್ರಾಫ್ಟ್‌ನ ಸಾಹಿತ್ಯ, ರಾಗ, ಕಂಠ ಎಲ್ಲವನ್ನೂ ಪದರ ಪದರವಾಗಿ ಏರಿಸಿದರು. ಆ ಹಳೇ ಧ್ವನಿಮುದ್ರಣವನ್ನು ಬಳಸಲು ಡೆಕ್ಕಾ ಕಂಪನಿಯ ಅನುಮತಿ ಸಿಕ್ಕಿತು. ಕೆಲಸ ಮುಗಿಯಿತು ಎಂದುಕೊಂಡರು. ಆದರೆ ಹಾಡಿಗೆ ಎರಡು ಒಡೆತನ ಇರುತ್ತದೆ: ಟೇಪಿನಲ್ಲಿ ಕೂತ ಸದ್ದು ಒಬ್ಬರದು, ಆ ಸದ್ದಿನೊಳಗಿನ ಸ್ವರರಚನೆ ಇನ್ನೊಬ್ಬರದು. ಬೆಳೆಗೆ ಒಬ್ಬ ಯಜಮಾನ, ನೆಲಕ್ಕೆ ಇನ್ನೊಬ್ಬ. ನೆಲದ ಪಹಣಿ ತೆಗೆಸಿ ನೋಡಿದರೆ ಅದರಲ್ಲಿ ಜ್ಯಾಗರ್ ಇಲ್ಲ, ರಿಚರ್ಡ್ಸ್ ಇಲ್ಲ. ಅಲನ್ ಕ್ಲೈನ್ ಇದ್ದಾರೆ.

ಕ್ಲೈನ್ ಸಾಹೇಬರ ಬಗ್ಗೆ ನಾಲ್ಕು ಮಾತು ಹೇಳದೆ ಮುಂದೆ ಹೋಗುವುದು ತಪ್ಪಾಗುತ್ತದೆ. ನ್ಯೂ ಜೆರ್ಸಿಯವರು, ವೃತ್ತಿಯಿಂದ ಲೆಕ್ಕಿಗರು. ಕಲಾವಿದರ ಪರವಾಗಿ ರೆಕಾರ್ಡ್ ಕಂಪನಿಗಳ ಲೆಕ್ಕಪುಸ್ತಕ ಬಿಚ್ಚಿಸಿ, ಮುಚ್ಚಿಟ್ಟ ಹಣ ಕಕ್ಕಿಸುವುದರಲ್ಲಿ ಎತ್ತಿದ ಕೈ. ಹಾಗೆ ಕಕ್ಕಿಸಿದ್ದು ಎಲ್ಲಿಗೆ ಹೋಗಿ ಸೇರುತ್ತದೆ ಎಂದು ಕಲಾವಿದರು ಕೇಳುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತಿದ್ದವು. 1965ರಲ್ಲಿ ಓಲ್ಡ್‌ಹ್ಯಾಮ್‌ರೇ ಇವರನ್ನು ಸ್ಟೋನ್ಸ್ ಬಳಿಗೆ ಕರೆತಂದರು. ಆ ದಶಕ ಮುಗಿದು ಸ್ಟೋನ್ಸ್ ಬಿಡಿಸಿಕೊಂಡು ಹೊರಟಾಗ, ತಮ್ಮ 60ರ ದಶಕದ ಹಾಡುಗಳೆಲ್ಲ ಕ್ಲೈನರ ‘ಆ್ಯಬ್ಕೊ’ ಕಂಪನಿಯ ಖಾತೆಯಲ್ಲಿವೆ ಎಂದು ಅವರಿಗೆ ತಿಳಿಯಿತು. ಕೋರ್ಟು ಕಚೇರಿ ಆಯಿತು, ರಾಜಿಯಾಯಿತು, ಹಾಡುಗಳು ಮಾತ್ರ ಅಲ್ಲೇ ಉಳಿದವು.

ಇದಕ್ಕಿಂತ ದೊಡ್ಡ ಸಾಧನೆ ಇನ್ನೊಂದಿದೆ. ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಮೇಲೆ ‘ಮೈ ಸ್ವೀಟ್ ಲಾರ್ಡ್’ ಕದ್ದ ರಾಗವೆಂದು ಬ್ರೈಟ್ ಟ್ಯೂನ್ಸ್ ಎಂಬ ಕಂಪನಿ ದಾವೆ ಹಾಕಿತು. ಆಗ ಹ್ಯಾರಿಸನ್‌ರ ಮ್ಯಾನೇಜರ್ ಆಗಿ ರಾಜಿ ಮಾತುಕತೆಗೆ ಹೋದವರು ಇದೇ ಕ್ಲೈನ್. 1976ರಲ್ಲಿ ಹ್ಯಾರಿಸನ್ ಸೋತರು, ಅರಿವಿಲ್ಲದೆ ಕದ್ದಿದ್ದಾರೆ ಎಂದು ನ್ಯಾಯಾಧೀಶರು ಹೇಳಿದರು. ಅಷ್ಟರಲ್ಲಿ ಕ್ಲೈನ್‌ಗೂ ಹ್ಯಾರಿಸನ್‌ಗೂ ಬಿಟ್ಟುಹೋಗಿತ್ತು. 1978ರಲ್ಲಿ ಸಾಹೇಬರು ಏನು ಮಾಡಿದರು? ದಾವೆ ಹಾಕಿದ್ದ ಆ ಕಂಪನಿಯ ಹಕ್ಕನ್ನೇ 5,87,000 ಡಾಲರ್ ಕೊಟ್ಟು ಕೊಂಡುಕೊಂಡರು. ಪ್ರತಿವಾದಿಯ ಕಡೆ ಕೂತಿದ್ದವರು ಎದ್ದು ಹೋಗಿ ವಾದಿಯ ಕುರ್ಚಿಯಲ್ಲಿ ಕೂತರು. ಇದನ್ನು ನೋಡಿ ಕೋರ್ಟಿಗೂ ಸುಸ್ತಾಗಿರಬೇಕು, 1981ರಲ್ಲಿ ಕ್ಲೈನ್ ತೆತ್ತಷ್ಟೇ ಹಣವನ್ನು ಹ್ಯಾರಿಸನ್ ಕೊಟ್ಟರೆ ಸಾಕು ಎಂದು ತೀರ್ಪಾಯಿತು. ನಡುವೆ 1980ರಲ್ಲಿ ತೆರಿಗೆ ವಿಷಯದಲ್ಲಿ ಸುಳ್ಳು ಲೆಕ್ಕ ಕೊಟ್ಟದ್ದಕ್ಕೆ ಎರಡು ತಿಂಗಳು ಜೈಲಿಗೂ ಹೋಗಿ ಬಂದರು. ಬೇರೆಯವರ ಲೆಕ್ಕದಲ್ಲಿ ತಪ್ಪು ಹುಡುಕುವ ಕೆಲಸದವರು.

ಇಂಥವರ ಮುಂದೆ ವಿಗನ್ನಿನ ಹುಡುಗರು 1997ರಲ್ಲಿ, ಆಲ್ಬಂ ಸಿದ್ಧಮಾಡಿ ಇಟ್ಟುಕೊಂಡು, ಅನುಮತಿ ಕೇಳಲು ಬಂದರು. ಮದುವೆ ಚಪ್ಪರ ಹಾಕಿ, ಓಲಗದವರನ್ನು ಕೂರಿಸಿ, ಆಮೇಲೆ ಹೆಣ್ಣಿನ ಅಪ್ಪನನ್ನು ಕೇಳುವ ಚೌಕಾಸಿ ಹೇಗಿರುತ್ತದೋ ಹಾಗಿತ್ತು ಇದು. ಹೀಗೆ ಹಳೇ ರೆಕಾರ್ಡಿನ ತುಣುಕು ಎತ್ತಿ ಹೊಸ ಹಾಡಿಗೆ ಹಾಕುವುದು, ಅಂದರೆ ಸ್ಯಾಂಪಲ್ ಮಾಡುವುದೇ, ತಮಗೆ ಹಿಡಿಸದು ಎಂಬ ತಾತ್ವಿಕ ನಿಲುವಿನಿಂದ ಕ್ಲೈನ್ ಶುರುಮಾಡಿದರು. ತತ್ವಕ್ಕೂ ಒಂದು ದರ ಇರುತ್ತದಲ್ಲ, ಅದು ನೂರಕ್ಕೆ ನೂರು ಎಂದು ಗೊತ್ತಾಯಿತು. ಪ್ರಕಾಶನದ ಆದಾಯ ಪೂರ್ತಿ ಆ ಕಡೆಗೆ, ಸಂಗೀತ ಜ್ಯಾಗರ್ ಮತ್ತು ರಿಚರ್ಡ್ಸ್ ಹೆಸರಿಗೆ. ಸಾಹಿತ್ಯ ಬರೆದ ಆ್ಯಶ್‌ಕ್ರಾಫ್ಟ್‌ಗೆ 1,000 ಡಾಲರ್. ಗೇಣಿದಾರನಿಗೆ ಬೆಳೆಯಲ್ಲಿ ಪಾಲಾದರೂ ಇರುತ್ತಿತ್ತು. ಸ್ಟೋನ್ಸ್ ಇಪ್ಪತ್ತು ವರ್ಷಗಳಲ್ಲಿ ಬರೆದ ಅತ್ಯುತ್ತಮ ಹಾಡು ಇದೇ ಎಂಬ ಅರ್ಥದ ಮಾತನ್ನು ಆ್ಯಶ್‌ಕ್ರಾಫ್ಟ್ ಆಮೇಲೆ ಆಡಿದ್ದು ಪ್ರಸಿದ್ಧ. ಆ ಮಾತಿಗಂತೂ ರಾಯಲ್ಟಿ ಕೊಡಬೇಕಾಗಿ ಬರಲಿಲ್ಲ.

1997ರ ಜೂನ್‌ನಲ್ಲಿ ಹಾಡು ಬಿಡುಗಡೆಯಾಗಿ ಬ್ರಿಟನ್ನಿನ ಪಟ್ಟಿಯಲ್ಲಿ ನೇರವಾಗಿ ಎರಡನೇ ಸ್ಥಾನಕ್ಕೆ ಬಂದು ಕೂತಿತು. ಮೊದಲ ಸ್ಥಾನ ಯಾರಿಗೆ ಗೊತ್ತೆ? ಪಫ್ ಡ್ಯಾಡಿಯ ‘ಐಲ್ ಬಿ ಮಿಸ್ಸಿಂಗ್ ಯು’. ಅದೂ ಸ್ಯಾಂಪಲ್ ಹಾಡೇ, ಪೊಲೀಸ್ ತಂಡದ 1983ರ ‘ಎವ್ರಿ ಬ್ರೆತ್ ಯು ಟೇಕ್’ ಮೇಲೆ ನಿಂತದ್ದು. ಅಲ್ಲೂ ಮೊದಲು ಅನುಮತಿ ಕೇಳಿರಲಿಲ್ಲ, ಅಲ್ಲೂ ಹಣ ಹೋದದ್ದು ಹಳೇ ಹಾಡಿನ ಲೇಖಕ ಸ್ಟಿಂಗ್‌ಗೆ. ಪಫ್ ಡ್ಯಾಡಿ ಎತ್ತಿಕೊಂಡ ಆ ಗಿಟಾರ್ ನಾದ ಮಾತ್ರ ಸ್ಟಿಂಗ್ ಬೆರಳಿನದಲ್ಲ, ತಂಡದ ಆ್ಯಂಡಿ ಸಮರ್ಸ್ ಅವರದು. ಹಾಡಿನ ಲೇಖಕರ ಪಟ್ಟಿಯಲ್ಲಿ ಸಮರ್ಸ್ ಹೆಸರಿಲ್ಲ. ಅಂದರೆ ಆ ವಾರ ಬ್ರಿಟನ್ನಿನ ಜನ ಮುಗಿಬಿದ್ದು ಕೊಂಡ ಎರಡು ಹಾಡುಗಳಲ್ಲಿ, ಕೊಂಡವರ ಕಿವಿಯಲ್ಲಿ ಉಳಿದ ಆ ಎರಡು ತುಣುಕುಗಳನ್ನು ಹುಟ್ಟಿಸಿದ ಇಬ್ಬರಿಗೂ ದಕ್ಕಬೇಕಾದದ್ದು ದಕ್ಕಲಿಲ್ಲ. ಉತ್ತವನೊಬ್ಬ ಉಂಡವನೊಬ್ಬ ಎಂಬುದನ್ನು ಅವರು ಅಲ್ಲಿ ‘ಟಾಪ್ ಟೆನ್’ ಎನ್ನುತ್ತಾರೆ.

ಹಾಡಿನ ವಿಡಿಯೊದಲ್ಲಿ ಆ್ಯಶ್‌ಕ್ರಾಫ್ಟ್ ಲಂಡನ್ನಿನ ಹಾಕ್ಸ್‌ಟನ್ ಬೀದಿಯಲ್ಲಿ ಯಾರಿಗೂ ದಾರಿ ಬಿಡದೆ, ಎದುರಾದವರಿಗೆಲ್ಲ ಡಿಕ್ಕಿ ಹೊಡೆಯುತ್ತ ನೇರ ನಡೆಯುತ್ತಾರೆ. ಯಾರಿಗೂ ಜಗ್ಗದ ಮನುಷ್ಯನ ಚಿತ್ರವೆಂದು ಜನ ಮೆಚ್ಚಿದರು. 1998ರಲ್ಲಿ ನೈಕಿ ಕಂಪನಿಯ ಶೂ ಜಾಹೀರಾತಿನಲ್ಲಿ ಅದೇ ಹಾಡು ಬಂತು. ಜಾಹೀರಾತುಗಳಿಗೆ ಮಾರುವುದು ಆ್ಯಶ್‌ಕ್ರಾಫ್ಟ್‌ಗೆ ಇಷ್ಟವಿರಲಿಲ್ಲ, ಕ್ಲೈನ್‌ಗೆ ಅಡ್ಡಿಯಿರಲಿಲ್ಲ. ಪಹಣಿ ಯಾರ ಹೆಸರಿನಲ್ಲಿದೆಯೋ ಅವರು ಶೂ ಹಾಕಿಸಬಹುದು, ಬಿಚ್ಚಿಸಬಹುದು. ಮುಂದಿನ ವರ್ಷ ಓಲ್ಡ್‌ಹ್ಯಾಮ್ ಕೂಡ ತಮ್ಮ ರೆಕಾರ್ಡಿನ ಬಾಕಿ ಕೇಳಿ ದಾವೆ ಹೂಡಿದರು. ಪಂಕ್ತಿಯಲ್ಲಿ ಅವರ ಎಲೆಯೊಂದು ಖಾಲಿ ಉಳಿದಿತ್ತು. ಅದೇ ವರ್ಷ ತಂಡ ಒಡೆಯಿತು.

ಕ್ಲೈನ್ 2009ರಲ್ಲಿ ತೀರಿಕೊಂಡರು. ಹತ್ತು ವರ್ಷದ ಮೇಲೆ, 2019ರ ಮೇ ತಿಂಗಳಲ್ಲಿ, ಲಂಡನ್ನಿನ ಐವರ್ ನೊವೆಲ್ಲೊ ಪ್ರಶಸ್ತಿ ಸಮಾರಂಭದಲ್ಲಿ ಆ್ಯಶ್‌ಕ್ರಾಫ್ಟ್ ಒಂದು ಸಿಹಿ ಸುದ್ದಿ ಹೇಳಿದರು: ಜ್ಯಾಗರ್ ಮತ್ತು ರಿಚರ್ಡ್ಸ್ ಆ ಹಾಡಿನ ತಮ್ಮ ಪಾಲನ್ನು ನನಗೆ ಬಿಟ್ಟುಕೊಟ್ಟಿದ್ದಾರೆ. ಕ್ಲೈನರ ಮಗನೂ ಇದಕ್ಕೆ ನೆರವಾದರಂತೆ. ಪತ್ರಿಕೆಗಳು ಹಿರಿಯರ ಔದಾರ್ಯವನ್ನು ಕೊಂಡಾಡಿದವು. ತಾವು ಮಾಡದ ಹಾಡಿನ ಆದಾಯವನ್ನು ಇಪ್ಪತ್ತೆರಡು ವರ್ಷ ಪಡೆದು ಬಿಟ್ಟುಕೊಡುವುದು ಔದಾರ್ಯವೇ ಸರಿ, ಬಿಡದಿದ್ದರೆ ಕೇಳುವವರು ಯಾರಿದ್ದರು? ಆ್ಯಶ್‌ಕ್ರಾಫ್ಟ್ ಕೂಡ ತುಂಬು ಹೃದಯದಿಂದ ಧನ್ಯವಾದ ಹೇಳಿದರು. ತನ್ನ ಹೊಲ ತನಗೆ ಮರಳಿದ ರೈತ ತಹಶೀಲ್ದಾರರಿಗೆ ಹಾರ ಹಾಕುವುದು ನಮಗೂ ಹೊಸದಲ್ಲ.

ಡೇವಿಡ್ ವಿಟಕರ್? ಅವರು 2012ರಲ್ಲೇ ತೀರಿಕೊಂಡಿದ್ದರು. ಪಿಟೀಲಿನ ಆ ಸುತ್ತು ಸ್ಟೋನ್ಸ್ ಹೆಸರಿನಲ್ಲಿ ಇದ್ದಷ್ಟು ಕಾಲವೂ ಅವರದಾಗಿರಲಿಲ್ಲ, ಆ್ಯಶ್‌ಕ್ರಾಫ್ಟ್ ಹೆಸರಿಗೆ ಖಾತೆ ಬದಲಾದ ದಿನವೂ ಆಗಲಿಲ್ಲ.