ಹಂಚಿದಷ್ಟೂ ಮುಗಿಯದ ರವಿಕೆ ಕಣ

(ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ. ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿನಲ್ಲಿ ಕನಕಾಂಬರ ಕೆಜಿಗೆ ಸಾವಿರ ದಾಟಿದೆ. ಯಜಮಾನರು ಹೂವಿನ ಪೊಟ್ಟಣಕ್ಕಿಂತ ಹಗುರಾದ ಜೇಬು ಹೊತ್ತು ಬಂದಿದ್ದಾರೆ.)

ಯಜಮಾನರು: ಅರಿಶಿನ ಕುಂಕುಮಕ್ಕೆ ಎಷ್ಟು ಜನಾನೇ?

ಪದ್ಮ: ನಲವತ್ತು. ಬರೀ ಎಲೆ ಅಡಿಕೆ ಕೊಟ್ಟು ಕಳಿಸೋಕಾಗುತ್ತಾ? ಎದುರುಮನೆಯವರು ಹೋದ ವರ್ಷ ಜರ್ಮನ್ ಸಿಲ್ವರ್ ಬಟ್ಟಲು ಕೊಟ್ಟರು.

ಯಜಮಾನರು: ಅದರಲ್ಲಿ ಬೆಳ್ಳಿ ಒಂದು ಗುಂಜಿಯೂ ಇರಲ್ಲ ಕಣೇ. ತಾಮ್ರ, ನಿಕಲ್, ಸತು.

ಪದ್ಮ: ಹೊಳೆಯುತ್ತಲ್ಲ ರೀ. ಕೆಮಿಸ್ಟ್ರಿ ಯಾರು ಕೇಳ್ತಾರೆ?

ಯಜಮಾನರು: ಬೀರು ತುಂಬ ರವಿಕೆ ಕಣ ಬಿದ್ದಿದೆಯಲ್ಲ, ಅದನ್ನೇ ಹಂಚು. ಕಾಸಿಲ್ಲದ ಔದಾರ್ಯ!

ಪದ್ಮ: ಅಷ್ಟು ಸುಲಭಾನಾ? ಕೊಟ್ಟವರಿಗೇ ವಾಪಸ್ ಹೋದರೆ ಮಾನ ಹೋಯ್ತು. ಅದಕ್ಕೇ ಒಂದೊಂದರ ಮೂಲೆಯಲ್ಲೂ ಪೆನ್ಸಿಲ್‌ನಲ್ಲಿ ಹೆಸರು ಬರೆದಿಟ್ಟಿರ್ತೀನಿ.

(ರವಿಕೆಗೆಂದೇ ಕತ್ತರಿಸಿದ ಈ 80 ಸೆಂಟಿಮೀಟರ್ ಬಟ್ಟೆ ಟೈಲರ್ ಅಂಗಡಿ ಹೊಕ್ಕಿದ್ದನ್ನು ನಾನಂತೂ ಕಂಡಿಲ್ಲ. ಅದಕ್ಕೆ ಮನೆಯಿಂದ ಮನೆಗೆ ಸಂಚಾರವೇ ಜೀವನ.)

ಯಜಮಾನರು: ಈ ಗಿಳಿಹಸಿರಿನದು ಚೆನ್ನಾಗಿದೆ. ಎದುರುಮನೆಯವರಿಗೆ ಇದನ್ನೇ ಕೊಡು.

ಪದ್ಮ: ಮೊದಲು ಮೂಲೆ ನೋಡಿ.

ಯಜಮಾನರು: 'ಪದ್ಮ ಕೊಟ್ಟಿದ್ದು, ಗೌರಿ ಹಬ್ಬ.' ಇದು ನಿನ್ನ ಅಕ್ಷರ ಅಲ್ಲವಲ್ಲೇ!

ಪದ್ಮ: ಎದುರುಮನೆಯವರದು. ನನಗಿಂತ ಅಚ್ಚುಕಟ್ಟು ರೀ, ಹಬ್ಬದ ಹೆಸರೂ ಬರೆದಿದ್ದಾರೆ.