ಇಂಧನನಾಳ ಮೀಮಾಂಸೆ: ಸ್ಮೋಕಿಪುರಾಣದ ಒಂದು ಪಾಠಪರಿಷ್ಕರಣ

ರೇಸ್ ಕಾರಿನ ಎಂಜಿನ್ನಿನ ಬಗ್ಗೆ ಬರೆದವರಿಗೆ ಲೆಕ್ಕವಿಲ್ಲ. ಪೆಟ್ರೋಲ್ ಟ್ಯಾಂಕಿನ ಬಗ್ಗೆಯೂ ನಾಲ್ಕು ಜನ ಬರೆದಿದ್ದಾರೆ. ಇವೆರಡರ ನಡುವೆ, ಕಾರಿನ ಹೊಟ್ಟೆಯಡಿ ಕೆಸರು ಮೆತ್ತಿಕೊಂಡು ಮಲಗಿರುವ ಪೈಪನ್ನು ಮಾತ್ರ ವಿದ್ವಲ್ಲೋಕ ಕಣ್ಣೆತ್ತಿ ನೋಡಿಲ್ಲ. ಆ ಲೋಪವನ್ನು ನೀಗಿಸುವುದೇ ಪ್ರಸ್ತುತ ಪ್ರಬಂಧದ ಘನ ಉದ್ದೇಶ. ಅಧ್ಯಯನದ ಕ್ಷೇತ್ರ: ಅಮೆರಿಕದ ಡೇಟೋನಾ ಬೀಚ್. ಆಕರ: ಒಂದು ಪುರಾಣ. ವಿಧಾನ: ಗ್ರಂಥಸಂಪಾದನೆ ಮತ್ತು ಗುಣಾಕಾರ.

ಪುರಾಣಪುರುಷರ ಐತಿಹಾಸಿಕತೆಯಲ್ಲಿ ಸಂಶಯವಿಲ್ಲ. ಹೆನ್ರಿ ‘ಸ್ಮೋಕಿ’ ಯೂನಿಕ್ (1923–2001) ಎರಡನೇ ಮಹಾಯುದ್ಧದಲ್ಲಿ ಬಿ-17 ಬಾಂಬರ್ ಹಾರಿಸಿದವರು. ಯುದ್ಧ ಮುಗಿದ ಮೇಲೆ ಡೇಟೋನಾದಲ್ಲಿ ಗ್ಯಾರೇಜು ತೆರೆದು, ಊರಿಗೆಲ್ಲ ತಮ್ಮದೇ ಶ್ರೇಷ್ಠ ಎಂದು ಸಣ್ಣದೊಂದು ಬೈಗುಳ ಸಮೇತ ಬೋರ್ಡು ಬರೆಸಿದರು. ಅವರು ಸಿದ್ಧಪಡಿಸಿದ ಷೆವರ್ಲೆ ಷೆವೆಲ್ ಕಾರು 1967ರ ಡೇಟೋನಾ 500 ರೇಸಿನ ಅರ್ಹತಾ ಸುತ್ತಿನಲ್ಲಿ, ಕರ್ಟಿಸ್ ಟರ್ನರ್ ಕೈಯಲ್ಲಿ, ಗಂಟೆಗೆ 180 ಮೈಲಿ ದಾಟಿ ಎಲ್ಲರಿಗಿಂತ ಮುಂದೆ ನಿಂತಿತು. ಇಷ್ಟು ಇತಿಹಾಸ. ಇನ್ನು ಮುಂದಿನದು ಹರಿಕಥೆ.

ಈ ರೇಸು ನಡೆಸುವ ನಾಸ್ಕಾರ್ ಸಂಸ್ಥೆಯ ನಿಯಮದಂತೆ ಟ್ಯಾಂಕು 22 ಗ್ಯಾಲನ್ ಮೀರುವಂತಿರಲಿಲ್ಲ. ಪೈಪು ಎಷ್ಟು ದಪ್ಪವಿರಬೇಕು ಎಂಬಲ್ಲಿ ನಿಯಮಕಾರರು ಮೌನ ತಾಳಿದ್ದರು. ಶಾಸ್ತ್ರಕಾರರ ಮೌನವೆಂದರೆ ಅನುಮತಿ ಎಂದು ಬಗೆದ ಯೂನಿಕ್, 2 ಅಂಗುಲ ವ್ಯಾಸದ 11 ಅಡಿ ಪೈಪನ್ನು ಸುರುಳಿ ಸುತ್ತಿ ಕೂರಿಸಿ, ಅದರಲ್ಲೇ 5 ಗ್ಯಾಲನ್ ಹೆಚ್ಚಿಗೆ ತುಂಬಿಸಿದರಂತೆ. 1968ರಲ್ಲಿ ತಪಾಸಣೆಯವರು ಗುಮಾನಿಯಿಂದ ಟ್ಯಾಂಕನ್ನೇ ಬಿಚ್ಚಿ ಕೆಳಗಿಟ್ಟು, ಕಾರಿನಲ್ಲಿ ಒಂಬತ್ತು ದೋಷಗಳನ್ನು ಪಟ್ಟಿ ಮಾಡಿಕೊಟ್ಟರಂತೆ. ಹತ್ತು ಅಂತಲೇ ಬರೆದುಕೊಳ್ಳಿ ಎಂದ ಯೂನಿಕ್, ಟ್ಯಾಂಕಿಲ್ಲದ ಕಾರನ್ನು ಸ್ಟಾರ್ಟ್ ಮಾಡಿ ಓಡಿಸಿಕೊಂಡು ಹೊರಟೇಹೋದರಂತೆ. ಇದಕ್ಕೊಂದು ಪಾಠಾಂತರವೂ ಉಂಟು: ದೊಡ್ಡ ಟ್ಯಾಂಕಿನೊಳಗೆ ಬಾಸ್ಕೆಟ್‌ಬಾಲ್ ಇಟ್ಟು, ತಪಾಸಣೆಯ ಹೊತ್ತಿಗೆ ಊದಿಸಿ, ಆಮೇಲೆ ಗಾಳಿ ಬಿಡುತ್ತಿದ್ದರು ಎಂಬುದು. ಚೆಂಡಿನ ಶಾಖೆಯ ವಿವೇಚನೆ ಬೇರೊಂದು ಸಂಪುಟಕ್ಕೇ ತಕ್ಕದ್ದಾದ್ದರಿಂದ ಇಲ್ಲಿ ಕೈಬಿಡಲಾಗಿದೆ.

ಈಗ ಪಾಠಶೋಧನೆ. 2 ಅಂಗುಲ ವ್ಯಾಸದ ಪೈಪಿನ ಅಡ್ಡಕೊಯ್ತ 3.14 ಚದರ ಅಂಗುಲ. 11 ಅಡಿಯೆಂದರೆ 132 ಅಂಗುಲ. ಗುಣಿಸಿದರೆ ಸುಮಾರು 415 ಘನ ಅಂಗುಲ. ಅಮೆರಿಕದ ಒಂದು ಗ್ಯಾಲನ್ನಿಗೆ 231 ಘನ ಅಂಗುಲ. ಅಲ್ಲಿಗೆ ಪೈಪಿನಲ್ಲಿ ಹಿಡಿಯುವುದು 1.8 ಗ್ಯಾಲನ್, ಅಂದರೆ 7 ಲೀಟರಿಗೂ ಕೊಂಚ ಕಮ್ಮಿ. ಮಿಕ್ಕ 3.2 ಗ್ಯಾಲನ್ ಪೆಟ್ರೋಲು ಪ್ರಕ್ಷಿಪ್ತ. ಗ್ಯಾರೇಜಿನಿಂದ ಗ್ಯಾರೇಜಿಗೆ ಕಥೆ ಸಾಗುವಾಗ ಭಕ್ತರು ತಂತಮ್ಮ ಶಕ್ತ್ಯನುಸಾರ ಹೊಯ್ದದ್ದು. ಮೂಲದಲ್ಲೇ 5 ಗ್ಯಾಲನ್ ಇತ್ತೆಂದು ಹಟ ಹಿಡಿಯುವವರು 30 ಅಡಿಗೂ ಮಿಕ್ಕ ಪೈಪನ್ನು ಒದಗಿಸಬೇಕಾಗುತ್ತದೆ. ಷೆವೆಲ್ ಕಾರಿನ ಒಟ್ಟು ಉದ್ದವೇ 16 ಅಡಿ ಚಿಲ್ಲರೆ.

ಹಾಗೆಂದು ಪುರಾಣ ಸುಳ್ಳೆನ್ನುವಂತಿಲ್ಲ. ಗ್ಯಾಲನ್ನಿಗೆ 4 ಮೈಲಿ ಎಂದು ಕೃಪಣವಾಗಿ ಹಿಡಿದರೂ 1.8 ಗ್ಯಾಲನ್ನಿಗೆ 7 ಮೈಲಿ ಆಯಿತು. ಡೇಟೋನಾದ ಒಂದು ಸುತ್ತು ಎರಡೂವರೆ ಮೈಲಿ. ಟ್ಯಾಂಕಿಲ್ಲದೆ ತಪಾಸಣೆಯವರ ಮುಖದೆದುರು ಹಾದುಹೋಗುವುದಕ್ಕೆ ಅಷ್ಟು ಧಾರಾಳ ಸಾಕು.

ಪೈಪು ನಿಜಕ್ಕೂ ಎಷ್ಟು ದಪ್ಪವಿರಬೇಕು? ಈ ಕುರಿತು ಎರಡು ಮತಗಳಿವೆ. ದಪ್ಪ ಹೆಚ್ಚಿದಷ್ಟೂ ಪುಣ್ಯ ಎನ್ನುವವರು ಸ್ಥೂಲನಾಳವಾದಿಗಳು. ಸಾಕಾದಷ್ಟಿದ್ದರೆ ಸಾಕು ಎನ್ನುವವರು ಮಿತನಾಳವಾದಿಗಳು. ಸ್ಥೂಲರ ಪರಮಪ್ರಮಾಣ ಫ್ರಾನ್ಸಿನ ವೈದ್ಯ ಪ್ವಾಸೆಯ್. ರಕ್ತನಾಳಗಳ ಹರಿವನ್ನು ಅರಿಯಲು ಹೊರಟ ಆತ, ಸಣ್ಣ ಕೊಳವೆಯ ವ್ಯಾಸ ಇಮ್ಮಡಿಯಾದರೆ ಅದೇ ಒತ್ತಡಕ್ಕೆ ಹರಿವು ಹದಿನಾರು ಪಟ್ಟಾಗುತ್ತದೆ ಎಂದು 1840ರ ದಶಕದಲ್ಲಿ ತೋರಿಸಿದ. ಆದರೆ ರಕ್ತ ಕೇಶನಾಳದಲ್ಲಿ ನಯವಾಗಿ ಹರಿಯುತ್ತದೆ, ರೇಸ್ ಕಾರಿನ ಪೆಟ್ರೋಲು ಸುಳಿಸುಳಿಯಾಗಿ ನುಗ್ಗುತ್ತದೆ. ಆದ್ದರಿಂದ ಪ್ವಾಸೆಯ್ ಸೂತ್ರ ಇಲ್ಲಿಗೆ ಅನ್ವಯಿಸುವುದಿಲ್ಲ ಎಂದು ಮಿತರು ಆಕ್ಷೇಪಿಸುತ್ತಾರೆ. ವಿಚಿತ್ರವೆಂದರೆ ಈ ಆಕ್ಷೇಪದಿಂದ ಲಾಭವಾಗುವುದು ಸ್ಥೂಲರಿಗೇ: ಸುಳಿಯುವ ಹರಿವಿನಲ್ಲಿ ವ್ಯಾಸ ಇಮ್ಮಡಿಸಿದರೆ ಅದೇ ಹರಿವಿಗೆ ಒತ್ತಡದ ನಷ್ಟ ಮೂವತ್ತರಲ್ಲೊಂದು ಪಾಲಿನ ಹತ್ತಿರಕ್ಕೆ ಇಳಿಯುತ್ತದೆ.

ಗೆದ್ದೆವೆಂದು ಸ್ಥೂಲರು ಶಾಲು ಹೊದ್ದುಕೊಳ್ಳುವ ಮುನ್ನ ಲೆಕ್ಕ ಹಾಕಬೇಕು. ಪೂರ್ತಿ ಥ್ರಾಟಲ್‌ನಲ್ಲಿ ಒಂದು ಹಾರ್ಸ್‌ಪವರಿಗೆ ಗಂಟೆಗೆ ಅರ್ಧ ಪೌಂಡ್ ಪೆಟ್ರೋಲು ಬೇಕೆಂಬುದು ಎಂಜಿನ್ ಕಟ್ಟುವವರ ರೂಢಿಯ ಅಂದಾಜು. 500 ಹಾರ್ಸ್‌ಪವರಿಗೆ 250 ಪೌಂಡ್, ಸುಮಾರು 42 ಗ್ಯಾಲನ್ ಆಯಿತು. ಒಳವ್ಯಾಸ ಮುಕ್ಕಾಲಿನ ಅರ್ಧ, ಎಂದರೆ 3/8 ಅಂಗುಲವಿರುವ ಪೈಪಿನಲ್ಲಿ ಇದು ಸೆಕೆಂಡಿಗೆ 2 ಅಡಿಯಂತೆ ಹರಿದು 11 ಅಡಿಯನ್ನು ಐದಾರು ಸೆಕೆಂಡಿನಲ್ಲಿ ದಾಟುತ್ತದೆ. ನುಣುಪಾದ ನೇರ ಪೈಪಾದರೆ ದಾರಿಯಲ್ಲಿ ಕಳೆದುಕೊಳ್ಳುವುದು ಕಾಲು ಪಿಎಸ್‌ಐನಷ್ಟು ಒತ್ತಡ, ಎಂದರೆ ಚದರ ಅಂಗುಲಕ್ಕೆ ಕಾಲು ಪೌಂಡು. ಯೂನಿಕ್ ಪೈಪಿನಲ್ಲಿ ಅದೇ ಪೆಟ್ರೋಲು ಸೆಕೆಂಡಿಗೆ ಒಂದು ಅಂಗುಲವೂ ಸಾಗದೆ, ಅದೇ ದೂರಕ್ಕೆ ಎರಡೂವರೆ ನಿಮಿಷ ತೆಗೆದುಕೊಳ್ಳುತ್ತದೆ. ಉಳಿತಾಯ ಅದೇ ಕಾಲು ಪಿಎಸ್‌ಐ. ಎರಡನೇ ಮಹಾಯುದ್ಧದ ಕಾಲದ ಸೇನಾ-ನೌಕಾ ಮಾನಕದಂತೆ ರೇಸಿನವರು ಪೈಪಿನ ಅಳತೆಯನ್ನು ಅಂಗುಲದ ಹದಿನಾರನೇ ಭಾಗಗಳಲ್ಲಿ ಎಣಿಸುತ್ತಾರೆ. ಡ್ಯಾಶ್ 6 ಸಾಮಾನ್ಯ, ಡ್ಯಾಶ್ 8 ಉದಾರ, ಡ್ಯಾಶ್ 10 ಶ್ರೀಮಂತ. ಯೂನಿಕ್ ಅವರದು ಡ್ಯಾಶ್ 32.

ದಪ್ಪಕ್ಕೆ ಬಗ್ಗದ ಶತ್ರುವೂ ಒಂದಿದೆ. ಟ್ಯಾಂಕು ಹಿಂದೆ, ಕಾರ್ಬುರೇಟರ್ ಮುಂದೆ ಇರುವ ಡ್ರ್ಯಾಗ್ ಕಾರು 1 ಜಿ ವೇಗೋತ್ಕರ್ಷದಲ್ಲಿ ಚಿಮ್ಮಿತೆನ್ನಿ. ಪೈಪಿನಲ್ಲಿರುವ 11 ಅಡಿ ಪೆಟ್ರೋಲು ಹಿಂದಕ್ಕೆ ಹೇರುವ ಒತ್ತಡ ಸುಮಾರು 3.5 ಪಿಎಸ್‌ಐ. ಹಿಂದಿನ ಪಂಪು 7 ಪಿಎಸ್‌ಐ ಕೊಡುತ್ತಿದ್ದರೆ ಅರ್ಧ ಅಲ್ಲಿಗೆ ಹೋಯಿತು. 2 ಜಿ ಆದರೆ ಎಲ್ಲವೂ ಹೋಯಿತು. ಪೈಪು ಡ್ಯಾಶ್ 6 ಇರಲಿ, ಡ್ಯಾಶ್ 32 ಇರಲಿ, ಈ ಲೆಕ್ಕದಲ್ಲಿ ವ್ಯಾಸಕ್ಕೆ ಜಾಗವೇ ಇಲ್ಲ. ಅದಕ್ಕೇ ಡ್ರ್ಯಾಗ್ ರೇಸಿನವರು ಪಂಪಿನ ಒತ್ತಡ ಹೆಚ್ಚಿಸಿ, ರೆಗ್ಯುಲೇಟರನ್ನು ಕಾರ್ಬುರೇಟರಿನ ಪಕ್ಕಕ್ಕೇ ತಂದು ಕೂರಿಸುತ್ತಾರೆ.

ಪಂಪಿನ ಪ್ರಕರಣಕ್ಕೆ ಬಂದರೆ ಅದರ ಸ್ವಭಾವ ತಿಳಿದಿರಬೇಕು. ಅದು ನೂಕುವುದರಲ್ಲಿ ಗಟ್ಟಿಗ, ಎಳೆಯುವುದರಲ್ಲಿ ಪುಕ್ಕಲ. ದೂರದಿಂದ ಜಗ್ಗಿಸಿದರೆ, ಎಳನೀರಿನ ಕಾಗದದ ಸ್ಟ್ರಾ ಜೋರಾಗಿ ಹೀರಿದಾಗ ಅಂಟಿಕೊಳ್ಳುವಂತೆ ಹರಿವು ಸೊರಗುತ್ತದೆ. ಬಿಸಿ ಪೆಟ್ರೋಲು ಕಡಿಮೆ ಒತ್ತಡದಲ್ಲಿ ಆವಿಯಾಗಿ ವೇಪರ್ ಲಾಕ್ ಆಗುತ್ತದೆ. ಆದ್ದರಿಂದ ವಿದ್ಯುತ್ ಪಂಪು ಟ್ಯಾಂಕಿನ ಬುಡದಲ್ಲೋ ಒಳಗೋ ಇರತಕ್ಕದ್ದು. ಇನ್ನು ಪಂಪಿನ ಡಬ್ಬದ ಮೇಲೆ ದಪ್ಪಕ್ಷರದಲ್ಲಿರುವ ‘ಗಂಟೆಗೆ 255 ಲೀಟರ್’ ಎಂಬ ಶಾಸನವನ್ನು ಓದುವವರು ಕೇಳಬೇಕಾದ ಪ್ರಶ್ನೆ, ಯಾವ ಒತ್ತಡದಲ್ಲಿ, ಎಷ್ಟು ವೋಲ್ಟಿಗೆ ಎಂಬುದು. ಇಂಜೆಕ್ಷನ್ ಎಂಜಿನ್ನಿಗೆ 43 ಪಿಎಸ್‌ಐ ಬೇಕೆನ್ನಿ. ಟರ್ಬೊ 15 ಪಿಎಸ್‌ಐ ಸೇರಿಸಿದರೆ ಪಂಪು 58ಕ್ಕೆ ಏಗಬೇಕು. ಒತ್ತಡ ಏರಿದಂತೆ ಲೀಟರು ಇಳಿಯುತ್ತದೆ. ಸವೆದ ವೈರಿನಲ್ಲಿ ವೋಲ್ಟ್ ಬಿದ್ದರೆ ಇನ್ನೂ ಇಳಿಯುತ್ತದೆ. ಅಗತ್ಯಕ್ಕಿಂತ ಭಾರಿ ಪಂಪು ಹಾಕಿದವರ ಪೆಟ್ರೋಲು ಸುಮ್ಮನೆ ಸುತ್ತುಹೊಡೆದು ಟ್ಯಾಂಕಿಗೇ ಮರಳಿ ಬಿಸಿಯಾಗುತ್ತದೆ.

ಯೂನಿಕ್ ಸಂಪ್ರದಾಯ ಅಳಿದಿಲ್ಲ. 2005ರ ಫಾರ್ಮುಲಾ ಒನ್ ಸ್ಯಾನ್ ಮರೀನೊ ಗ್ರ್ಯಾನ್ ಪ್ರಿಯಲ್ಲಿ ಮೂರನೆಯವರಾಗಿ ಬಂದ ಜೆನ್ಸನ್ ಬಟನ್ ಅವರ ಬಿಎಆರ್-ಹೋಂಡಾ ಕಾರಿನ ಪೆಟ್ರೋಲು ಪೂರ್ತಿ ಬಸಿದಾಗ, ತೂಕ ಕನಿಷ್ಠ ಮಿತಿಯಾದ 600 ಕೆಜಿಗಿಂತ ಕೆಳಗಿಳಿದಿತ್ತು. ಟ್ಯಾಂಕಿನೊಳಗೆ ಮತ್ತೊಂದು ಪುಟ್ಟ ಕೋಣೆಯಿತ್ತು. ತಂಡವನ್ನು ಎರಡು ರೇಸುಗಳಿಂದ ಹೊರಗಿಟ್ಟರು. ನಿಯಮಕಾರರೂ ಕೊನೆಗೆ ಮೌನ ಮುರಿದರು. 2014ರಲ್ಲಿ ಫಾರ್ಮುಲಾ ಒನ್‌ನಲ್ಲಿ ಹರಿವನ್ನೇ ಸೆನ್ಸರ್ ಇಟ್ಟು ಅಳೆದು, ಗಂಟೆಗೆ 100 ಕೆಜಿ ಮೀರಕೂಡದೆಂದರು. ಆ ವರ್ಷದ ಮೊದಲ ರೇಸು ಆಸ್ಟ್ರೇಲಿಯಾದಲ್ಲಿ. ತವರಿನ ಡೇನಿಯಲ್ ರಿಕಿಯಾರ್ಡೊ ಎರಡನೆಯವರಾಗಿ ಬಂದರು. ಅವರ ರೆಡ್ ಬುಲ್ ತಂಡ ಸೆನ್ಸರನ್ನು ನಂಬದೆ ತನ್ನದೇ ಲೆಕ್ಕವನ್ನು ನಂಬಿತ್ತು. ರಿಕಿಯಾರ್ಡೊ ಅನರ್ಹರಾದರು, ಮೇಲ್ಮನವಿ ವಜಾ ಆಯಿತು, 18 ಅಂಕ ಹೋಯಿತು.